ಕಾಕುನ ಕಡೆಗೆ ಬಂದ ಹಿಡಿಕೆ

ಮೊನ್ನೆ ಮಾಳಮಡ್ಡಿಯಲ್ಲಿ ರಸ್ತೆ ಅಗೆಯುತ್ತಿದ್ದ ಯಂತ್ರದ ಪೈಪು ಒಡೆದು, ಬಿಸಿ ಎಣ್ಣೆಯ ವಾಸನೆ ಓಣಿ ತುಂಬ ಹರಡಿತ್ತು. ಜನ ಮೂಗು ಮುಚ್ಚಿಕೊಂಡು ಹೋಗುತ್ತಿದ್ದರು. ನಾನು ನಿಂತು ಮೂಸಿದೆ. ನಗಬೇಡಿ, ನನಗದು ಗೋಪನಕೊಪ್ಪದಲ್ಲಿದ್ದ ನಮ್ಮ ಕಾಕಾನ ಕಟ್ಟಿಗೆ ಅಡ್ಡೆಯ ವಾಸನೆ.

ತೊಂಬತ್ತರ ದಶಕದ ಕೊನೆ. ನಾನು ಎಂ.ಎ. ಓದುತ್ತ ಕಾಕಾ-ಕಾಕುವಿನ, ಅಂದರೆ ಚಿಕ್ಕಪ್ಪ-ಚಿಕ್ಕಮ್ಮನ, ಮನೆಯಲ್ಲಿದ್ದೆ. ಅಡ್ಡೆಯಲ್ಲಿ ಕಟ್ಟಿಗೆ ಸೀಳುವ ಯಂತ್ರವೊಂದಿತ್ತು. ಎಣ್ಣೆಯ ಒತ್ತಡಕ್ಕೆ ಉಕ್ಕಿನ ದಂಡ ಮುಂದೆ ಸರಿದು ದಿಮ್ಮಿಯನ್ನು ಬೆಣೆಗೆ ಒತ್ತುತ್ತಿತ್ತು. ಕಾಕು ದಿಮ್ಮಿ ಇಟ್ಟು, ಕೈ ತೆಗೆದು "ಹೂಂ" ಅನ್ನಬೇಕು. ಆಮೇಲೆಯೇ ಎದುರು ನಿಂತ ಕಾಕಾ ಹಿಡಿಕೆ ಜಗ್ಗಬೇಕು. ನಿಯಮ ಕಾಕಾನದೇ. ದಂಡ ಎಷ್ಟು ನಿಧಾನವೆಂದರೆ, ಒಂದು ದಿಮ್ಮಿ ಸೀಳುವಷ್ಟರಲ್ಲಿ ಗಿರಾಕಿಯ ಮಗಳ ಮದುವೆಯ ಸುದ್ದಿಯೆಲ್ಲ ಮುಗಿದಿರುತ್ತಿತ್ತು.

ಖಾನಾವಳಿಗಳಿಂದ ಬೇಡಿಕೆ ಹೆಚ್ಚಿತು. ದೊಡ್ಡ ಪಂಪು ಹಾಕಿಸಲು ಕಾಕಾ ಮಿಸ್ತ್ರಿಯನ್ನು ಕರೆಸಿದ.

"ಇನ್ನ ನೋಡ್ರಿ ಕಾಕಾರ, ಕಣ್ಣ ಪಿಳಕಸೂದ್ರಾಗ ಎರಡ ಹೋಳು," ಎಂದ ಮಿಸ್ತ್ರಿ.

ತತ್ತ್ವಶಾಸ್ತ್ರದ ವಿದ್ಯಾರ್ಥಿಯಾದ ನಾನು ಎಲ್ಲ ತಿಳಿದವನಂತೆ ತಲೆಯಾಡಿಸಿದೆ. ಕಾಕುನ ಮುಖ ಮಾತ್ರ ಸಣ್ಣದಾಯಿತು.

ಆ ಹೊತ್ತಿಗೆ ಕಾಕಾನ ಕಿವಿ ಮಂದವಾಗಿತ್ತು. ಅವನು ಒಪ್ಪುತ್ತಿರಲಿಲ್ಲ, ನಾವೂ ಆ ಮಾತು ಆಡುತ್ತಿರಲಿಲ್ಲ. ಅಂದಾಜಿನ ಮೇಲೆ ಹಿಡಿಕೆ ಜಗ್ಗುತ್ತಿದ್ದ. ಮಿಸ್ತ್ರಿ ಬರುವ ಮುನ್ನ ಒಮ್ಮೆ ಕಾಕು "ತಡೀರಿ" ಅನ್ನುತ್ತಿದ್ದಂತೆಯೇ ದಂಡ ಹೊರಟಿತು. ನಿಧಾನದ ಯಂತ್ರ, ಕೈ ಉಳಿಯಿತು, ಬಳೆ ಒಡೆಯಿತು. ಚೂರುಗಳನ್ನು ಅವಳು ಸೆರಗಿನಲ್ಲಿ ಕಟ್ಟಿಕೊಂಡಳೆಂದು ನನ್ನ ನೆನಪು. ನಿಜಕ್ಕೂ ಕಂಡೆನೋ, ಮನಸ್ಸು ಆಮೇಲೆ ಸೇರಿಸಿತೋ, ಹೇಳಲಾರೆ. ಬಳೆ ಒಡೆದದ್ದಂತೂ ಖರೆ.

"ಹಿಡಿಕಿ ನನ್ನ ಕಡೆ ಹಚ್ಚಿ ಕೊಡ್ರಿ," ಎಂದಳು ಕಾಕು, ಹೊಸ ಪಂಪು ಜೋಡಿಸುತ್ತಿದ್ದ ಮಿಸ್ತ್ರಿಗೆ.

"ಪೈಪ್ ಗಿಡ್ಡ ಆಗ್ತಾವ್ರಿ ಅಕ್ಕಾರ."

"ಉದ್ದಂದು ತರ್ರಿ. ದಿಮ್ಮಿ ಎತ್ತಿ ಎತ್ತಿ ನನ್ನ ನಡಾ ಹೋಗೇತಿ."

ಮುಂಜಾನೆಯಷ್ಟೇ ತುಂಬಿದ ಕೊಡ ಹೊತ್ತು ತಂದ ನಡ ಅದು! ಕಾಕಾ ನಕ್ಕ. "ಹಚ್ಚೋ ಮಾರಾಯಾ. ರಾಣೀಸಾಹೇಬ್ರು ಇನ್ನ ನಿಂತಲ್ಲೇ ಕಾರಭಾರ ಮಾಡ್ತಾರಂತ."

ಉದ್ದನೆಯ ಪೈಪು ಬಂತು, ಹಿಡಿಕೆ ಕಾಕುನ ಕಡೆ ಬಂತು, ದಿಮ್ಮಿ ಇಡುವ ಕೆಲಸ ಕಾಕಾನ ಪಾಲಿಗೆ ಹೋಯಿತು. ಹೊಸ ಪಂಪು ಗುಡುಗುತ್ತಿತ್ತು. ಕಾಕಾ ಜಾಲಿಯ ದಿಮ್ಮಿ ಇಟ್ಟು ಕೈ ತೆಗೆದ. ಕಾಕು ಹಿಡಿಕೆ ಹಿಡಿದು ಸುಮ್ಮನೆ ನಿಂತಳು.

"ಏನ್ ನೋಡಾಕತ್ತಿ? ಜಗ್ಗು!"

ಅವಳು ತನ್ನ ತುಟಿ ಮುಟ್ಟಿ ತೋರಿಸಿದಳು.

"ಕೈ ತಗದದ್ದು ಕಾಣ್ಸೂದಿಲ್ಲೇನ ನಿನಗ?"

ಕಾಣಿಸುತ್ತಿತ್ತು. ಆದರೂ ಅವಳ ಕೈ ಅಲುಗಲಿಲ್ಲ. ಕಡೆಗೆ ಕಾಕಾ ಓಣಿಗೆಲ್ಲ ಕೇಳುವಂತೆ "ಹೂಂ" ಅಂದ. ದಿಮ್ಮಿ ಫಟ್ಟನೆ ಸೀಳಿತು. ಕಾಕಾ ಅತ್ತ ನೋಡಲೇ ಇಲ್ಲ. ಅವಳ ಬಳೆಯ ಕೈ ನೋಡುತ್ತಿದ್ದ. ಹಾಗೆಂದು ಡೈರಿಯಲ್ಲಿ ಬರೆದಿದ್ದೇನೆ. ಡೈರಿಯನ್ನೂ ನಾನು ಪೂರ್ತಿ ನಂಬುವವನಲ್ಲ.

ಬಹಳ ವರ್ಷ, ಕಾಕಾನ ಕಿವಿಯ ಮಾತು ಬಿಟ್ಟು, ಇದನ್ನು ಪಂಪಿನ ವೇಗದ ಕಥೆಯಂತೆ ಹೇಳಿಕೊಂಡು ಬಂದೆ.

ಮೊನ್ನೆ ಆ ಎಣ್ಣೆಯ ವಾಸನೆ ಮೂಸಿ ಮನೆಗೆ ಬಂದಾಗ ಅಡುಗೆಮನೆಯಿಂದ ಹೆಂಡತಿ ಏನೋ ಕೇಳಿದಳು. ರೂಢಿಯಂತೆ "ಹೂಂ" ಅಂದೆ. ಈಚೆಗೆ ನನ್ನ ಕಿವಿಯದೂ ಅಂದಾಜಿನ ಕಾರಭಾರವೇ.

ಅವಳು ಬಾಗಿಲಿಗೆ ಬಂದಳು. "ಏನ್ ಕೇಳಿದೆ, ಹೇಳ್ರಿ ನೋಡೂಣು?"

ಬೇರೆ ದಿನವಾಗಿದ್ದರೆ ಚಹಾ ಎಂದೋ ಕರೆಂಟ್ ಎಂದೋ ಊಹಿಸಿ ಪಾರಾಗುತ್ತಿದ್ದೆ.

"ಕೇಳಿಸ್ಲಿಲ್ಲ," ಅಂದೆ. "ಇನ್ನೊಮ್ಮೆ ಹೇಳು."

ಅವಳು ಒಲೆ ಆರಿಸಿ ಬಂದು ನನ್ನ ಎದುರಿಗೆ ಕೂತಳು.