ಎರಡೂ ಮನೆಯವರು ಬರೆಸದ ಅಕ್ಕ

ಹೇಳಬೇಕಾದ ಒಂದು ಮಾತನ್ನು ನಾನು ಹೇಳಲಿಲ್ಲ. ಎರಡು ಸಲ ಕೇಳಿದರು, ಎರಡು ಸಲವೂ ಹೇಳಲಿಲ್ಲ. ನನ್ನ ಮನೆಯಲ್ಲೇ ಉಂಡು, ನನ್ನ ಮನೆಯಲ್ಲೇ ಮಲಗುತ್ತಿದ್ದ ಅಕ್ಕನನ್ನು ಹಿಂದಿನ ಜನಗಣತಿಯಲ್ಲಿ ನಾನು ಬರೆಸಲಿಲ್ಲ. ಮೊನ್ನೆ ಖಾನಾಪುರದ ನಮ್ಮ ಮನೆಯ ಬಾಗಿಲ ಚೌಕಟ್ಟಿನ ಮೇಲೆ ಗಣತಿಯ ಹುಡುಗಿ ಕಪ್ಪು ಮಾರ್ಕರ್‌ನಿಂದ ನಂಬರು ಬರೆದಾಗ ಆ ಶಾಯಿಯ ಘಾಟು ಮೂಗಿಗೆ ಹೊಡೆಯಿತು. ಗಣತಿ ಕೆಲಸಕ್ಕೆ ಹೋಗಿ ಬಂದ ದಿನಗಳಲ್ಲಿ ಅಕ್ಕನ ಬೆರಳುಗಳಿಂದಲೂ ಇದೇ ವಾಸನೆ ಬರುತ್ತಿತ್ತು… ರೊಟ್ಟಿ ಬಡಿದರೂ ಹೋಗುತ್ತಿರಲಿಲ್ಲ.

ಅಕ್ಕ ಕಣಕುಂಬಿ ಕಡೆಯ ಒಂದು ಕಾಡಿನ ಊರಿನಲ್ಲಿ ಶಿಕ್ಷಕಿಯಾಗಿದ್ದಳು. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಬೆಳಗಾವಿಯ ರವಿವಾರ ಪೇಟೆಯಲ್ಲಿ ಹಗ್ಗ, ಗೋಣಿಚೀಲ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಅಕ್ಕನನ್ನು ಬೆಳಗಾವಿ ಕ್ಯಾಂಪ್‌ನ ಒಂದು ಮನೆಗೆ ಕೊಟ್ಟಿದ್ದೆವು. ಬಾಳ್ವೆ ಕೂಡಿ ಬರಲಿಲ್ಲ. ಟ್ರಂಕು ಹಿಡಿದು ವಾಪಸು ಬಂದಳು. ಯಾಕೆ ಎಂದು ನಾವು ಸರಿಯಾಗಿ ಕೇಳಲೂ ಇಲ್ಲ. ಓಣಿಯವರು ವಿಚಾರಿಸಿದರೆ ಅವ್ವ, "ಹಬ್ಬಕ್ಕ ಬಂದಾಳ್ರಿ" ಎನ್ನುತ್ತಿದ್ದಳು. ಎಷ್ಟೋ ಹಬ್ಬಗಳು ಬಂದು ಹೋದವು, ಅವ್ವನ ಉತ್ತರ ಮಾತ್ರ ಬದಲಾಗಲಿಲ್ಲ.

ಅಕ್ಕನ ಜೊತೆ ಇರುವುದು ಸುಲಭವಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ತಾಲೂಕಿನ ಜನಸಂಖ್ಯೆಯ ಅಂಕಿಗಳನ್ನು ಎಲ್ಲಿಂದಲೋ ತಂದು, ಹಳೆಯದನ್ನೂ ಹೊಸದನ್ನೂ ಬಾಜುಬಾಜು ಇಟ್ಟು, ಊಟಕ್ಕೆ ಕುಳಿತವನ ತಲೆ ತಿನ್ನುತ್ತಿದ್ದಳು.

"ನಮ್ಮ ಸಾಲಿ ಊರಾಗ ಗಂಡಸರು ಕಡಿಮಿ ಆಗ್ಯಾರ, ಹೆಂಗಸರು ಹಂಗ ಅದಾರ. ಯಾಕ ಹೇಳು?"

"ನನಗೇನ ಗೊತ್ತು? ಪಲ್ಯಾ ಹಾಕು."

"ಗೋವಾಕ್ಕ ದುಡಿಯಾಕ ಹೋಗ್ಯಾರಲೇ. ಊರಿಗೆ ಊರ ಎದ್ದು ಹೊಂಟೈತಿ, ನಿನಗ ಪಲ್ಯಾದ ಚಿಂತಿ!"

ಶಾಲೆಯಲ್ಲಿ ಮಕ್ಕಳಿಲ್ಲವೆಂದು ಮೇಲಿನವರು ಬೈದಾಗಲೂ ಹೀಗೆಯೇ ಮಾಡಿದಳಂತೆ. ಊರಿನಲ್ಲಿ ಸಣ್ಣ ಮಕ್ಕಳ ಎಣಿಕೆಯೇ ಕುಗ್ಗಿದ್ದನ್ನು ಅವರ ಮುಂದೆ ಹಿಡಿದು, "ಹುಟ್ಟಿದ ಕೂಸುಗಳ ಇಷ್ಟ ಅದಾವ್ರಿ. ಉಳಿದವನ್ನ ನಾ ಎಲ್ಲಿಂದ ತರ್ಲಿ?" ಎಂದಿದ್ದಳು. ಪೇಟೆಗೆ ಬಂದರೂ ಬಿಡುತ್ತಿರಲಿಲ್ಲ. ನಮ್ಮ ಅಂಗಡಿಯ ಮುಂದೆ ನಿಂತು ಮೇಲಿನ ಮಹಡಿಗಳನ್ನು ನೋಡಿ ಮಾಲೀಕರನ್ನು ಕೇಳಿದ್ದಳು: "ರಾತ್ರಿ ಇಲ್ಲಿ ಯಾರ ಮಲಗ್ತಾರ್ರಿ?" ಅವರು ತಲೆತಲಾಂತರದಿಂದ ಅಲ್ಲೇ ಇದ್ದ ಜೈನ ಮನೆತನದವರು, ಹೊಸ ಬಡಾವಣೆಗೆ ಮನೆ ಬದಲಿಸಿದ್ದರು. "ಅಜ್ಜನ ಕಾಲಕ್ಕ ಮಾಳಿಗಿ ತುಂಬ ಮಂದಿ ಇತ್ರಿ ಬಾಯಾರ. ಈಗ ಮೆಣಸಿನಕಾಯಿ ಚೀಲ ಅದಾವ, ಇಲಿ ಅದಾವ. ಬರಕೋರಿ" ಎಂದರು. ಹಮಾಲರು ಬಿದ್ದು ಬಿದ್ದು ನಕ್ಕರು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಅಕ್ಕ ಮಾತ್ರ ನಗಲಿಲ್ಲ. ಮನೆಗೆ ಬರುವಾಗ ಬಸ್ಸಿನಲ್ಲಿ, "ದೀಪಾ ಹಚ್ಚವ್ರಿಲ್ಲದ ಪ್ಯಾಟಿ ಅದು" ಎಂದು ತನ್ನಷ್ಟಕ್ಕೆ ಅಂದುಕೊಂಡಳು.

ಹಿಂದಿನ ಗಣತಿಯ ವರ್ಷ ಎಣಿಕೆಗೆ ಅವಳನ್ನು ಕಾಡಿನ ಊರುಗಳಿಗೆ ಹಾಕಿದರು. ಹೊರಡುವಾಗ ಹೊಸ್ತಿಲಲ್ಲಿ ನಿಂತು ಹೇಳಿದಳು: "ಇಲ್ಲಿಗೆ ಬ್ಯಾರೇ ಮಾಸ್ತರ ಬರ್ತಾರ. ನಾ ಇಲ್ಲಂತ ನನ್ನ ಬಿಡಬ್ಯಾಡ. ಕೆಲಸಕ್ಕ ಹ್ವಾದವ್ರೂ ಮನಿ ಲೆಕ್ಕಕ್ಕ ಬರ್ತಾರ."

"ಆತು ಹೋಗ ಮಾರಾಯ್ತಿ. ಎಷ್ಟ ಸಲ ಹೇಳ್ತಿ?"

ಮಾಸ್ತರರು ಬಂದಾಗ ಕಟ್ಟೆಯ ಮೇಲೆ ನಮ್ಮ ಕಾಕಾ, ಓಣಿಯ ಹಿರಿಯರು ಕುಳಿತಿದ್ದರು. ನನ್ನದು, ಹೆಂಡತಿಯದು, ಅವ್ವನದು, ಮಕ್ಕಳದು ಹೇಳಿದೆ. ಅಷ್ಟರಲ್ಲಿ ಅವ್ವ ಬಾಗಿಲ ಹಿಂದಿನಿಂದ ನನ್ನ ಅಂಗಿ ಜಗ್ಗಿದಳು. "ಆಕಿನ್ನ ಇಲ್ಲಿ ಬರಸಬ್ಯಾಡೋ. ಬರಸಿದ್ರ ಆಕಿ ಇನ್ನ ಗಂಡನ ಮನಿಗೆ ಹೋಗೂದಿಲ್ಲಂತ ನಾವ ಕೈಯಾರ ಬರದು ಕೊಟ್ಟಂಗ" ಎಂದು ಪಿಸುಗುಟ್ಟಿದಳು. ಕೊಟ್ಟ ಹೆಣ್ಣಿನ ಹೆಸರು ಕೊಟ್ಟ ಮನೆಯಲ್ಲೇ ಇರಬೇಕು ಎನ್ನುವುದು ನಮ್ಮ ಕಡೆಯ ನಂಬಿಕೆ. ನಾನು ಕಟ್ಟೆಯ ಕಡೆ ಒಮ್ಮೆ ನೋಡಿ, "ಇಷ್ಟ ಮಂದಿರಿ. ಅಕ್ಕನ ಮನಿ ಬೆಳಗಾವ್ಯಾಗ ಐತ್ರಿ" ಎಂದೆ.

ಕೆಲ ದಿನಗಳಲ್ಲಿ ಅಕ್ಕನ ಭಾವ, ಎಂದರೆ ಅವಳ ಗಂಡನ ಅಣ್ಣ, ಹಗ್ಗ ಕೊಳ್ಳಲು ನಮ್ಮ ಅಂಗಡಿಗೆ ಬಂದ. ಹಗ್ಗ ಜಗ್ಗಿ ನೋಡುತ್ತಲೇ ಕೇಳಿದ: "ನಿಮ್ಮ ಅಕ್ಕನ್ನ ನಿಮ್ಮ ಕಡೆ ಬರಸೀರಲ್ಲ? ನಾವಂತೂ ಬಿಟ್ಟೇವಿ."

"ಹೂನ್ರಿ" ಎಂದೆ. ಹಗ್ಗ ಅಳೆದು ಕೊಟ್ಟೆ. ಅಷ್ಟೇ… ಅಲ್ಲಿಗೆ ಅಕ್ಕ ಎಲ್ಲಿಯೂ ಇರಲಿಲ್ಲ ಎಂದು ನನಗೆ ಗೊತ್ತಾಯಿತು. ಗೊತ್ತಿಲ್ಲದೆ ಆಯಿತು ಎಂದು ಹೇಳಿಕೊಳ್ಳುವ ದಾರಿಯೂ ನನಗೆ ಉಳಿಯಲಿಲ್ಲ.

ಅಕ್ಕ ಬಂದಾಗ ಕಾಲು ಬಾತಿದ್ದವು. ಒಬ್ಬ ಮುದುಕಿಯನ್ನು ಬರೆಯಲು ಹಳ್ಳ ದಾಟಿ ಹೋಗಿದ್ದಳಂತೆ. "ಗಂಡ ಬಿಟ್ಟ ಹೆಣಮಕ್ಕಳನ್ನ ಯಾರೂ ಹೇಳೂದ ಇಲ್ಲ ಅಲ್ಲಿ. ಅವ್ರು ಇವ್ರ ಕಡೆ ಬೆರಳ ಮಾಡ್ತಾರ, ಇವ್ರು ಅವ್ರ ಕಡೆ. ನಾ ಒಲಿ ಮಟಾ ಹೋಗಿ, ರೊಟ್ಟಿ ಬಡಿಯಾಕಿ ಯಾರು ಅಂತ ಕೇಳಿ ಬರಕೊಂಡೆ. ಅಂಥವ್ರನ್ನ ಬಿಟ್ರ ಊರಿನ ಲೆಕ್ಕಾ ಏನ ಲೆಕ್ಕಾ?" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನನ್ನ ಬರಸಿದಿ?" ಎಂದಳು.

ನಾನು ನೀರಿನ ತಂಬಿಗೆ ತಂದು ಅವಳ ಬಾತ ಕಾಲಿನ ಪಕ್ಕ ಇಟ್ಟೆ. ಅವಳಿಗೆ ತಿಳಿಯಿತು. ಕೂಗಾಡಿದ್ದರೆ ಚೆನ್ನಾಗಿತ್ತು, ನಾನೂ ಕೂಗಾಡುತ್ತಿದ್ದೆ.

"ತಿದ್ದಾಕ ಮಾಸ್ತರ ಇನ್ನೊಮ್ಮೆ ಬರ್ತಾರ. ಆಗ ಹೇಳು" ಎಂದಳು.

"ನೀನ ಹೇಳು! ನಿನ್ನ ಜೋಡಿ ಕೆಲಸಾ ಮಾಡವ್ರ ಅದಾರ."

"ನಾ ಹೇಳಿದ್ರೂ ಬರಕೋತಾರ. ಆದ್ರ ನೀ ಹೇಳಬೇಕಲೇ ತಮ್ಮಾ."

ಮಾಸ್ತರರು ಮತ್ತೆ ಬಂದರು. ಕಟ್ಟೆಯ ಮೇಲೆ ಅದೇ ಕಾಕಾ. ಒಳಗೆ ಅಕ್ಕ ಈಳಿಗೆ ಹಾಕಿಕೊಂಡು ಬದನೆಕಾಯಿ ಹೆಚ್ಚುತ್ತಿದ್ದಳು. "ಏನರ ಬದಲ ಐತೇನ್ರಿ? ಯಾರರ ಬಿಟ್ಟ ಹೋಗ್ಯಾರೇನ್ರಿ?" ಎಂದು ಮಾಸ್ತರರು ಕೇಳಿದಾಗ ಒಳಗಿನ ಸದ್ದು ನಿಂತಿತು.

"ಏನಿಲ್ರಿ" ಎಂದೆ.

ಸ್ವಲ್ಪ ಹೊತ್ತಿಗೆ ಹೆಚ್ಚುವ ಸದ್ದು ಮತ್ತೆ ಶುರುವಾಯಿತು. ರಾತ್ರಿ ಎಣ್ಣೆಗಾಯಿ ಮಾಡಿ ಎಲ್ಲರಿಗೂ ಬಡಿಸಿದಳು.

ಬೇಸಿಗೆ ಮುಗಿಯುವ ಮೊದಲೇ ಅಕ್ಕ ಶಾಲೆಯ ಊರಿನಲ್ಲೇ ಒಂದು ಖೋಲಿ ಹಿಡಿದಳು. ಅವ್ವ ಅತ್ತಳು, ಆದರೆ ಇರು ಎನ್ನಲಿಲ್ಲ. ನಾನೂ ಎನ್ನಲಿಲ್ಲ. ಖೋಲಿಯಲ್ಲಿ ಸಾಮಾನು ಇಳಿಸಿ ನಾನು ಹೊರಟಾಗ ಅಕ್ಕ ನಗುತ್ತಲೇ, "ಮುಂದಿನ ಗಣತಿಗೆ ನಾನ ಯಜಮಾನಿ. ಒಬ್ಬಾಕಿದ ಮನಿ, ಆದ್ರೂ ಮನಿ" ಎಂದಳು.

ಆ ಮುಂದಿನ ಗಣತಿ ಬರಲೇ ಇಲ್ಲ. ಕೊರೊನಾ ಎಂದರು, ಆಮೇಲೆ ಮುಂದಿನ ವರ್ಷ ಎಂದರು, ಮತ್ತೆ ಮುಂದಿನ ವರ್ಷ. ನಾನು ಹೋದಾಗಲೆಲ್ಲ, "ಏನರ ಸುದ್ದಿ ಬಂತೇನ?" ಎಂದು ಕೇಳುತ್ತಿದ್ದಳು. ನನಗೆ ರೇಗುತ್ತಿತ್ತು. "ಸರಕಾರ ನನ್ನ ಕೇಳಿ ಮಾಡ್ತೈತೇನ?" ಎನ್ನುತ್ತಿದ್ದೆ. ಅವಳು ಯಾಕೆ ಕೇಳುತ್ತಾಳೆಂದು ಗೊತ್ತಿದ್ದೇ ಹಾಗೆನ್ನುತ್ತಿದ್ದೆ. ಅವ್ವ ಹೋದಳು, ಕಾಕಾ ಹೋದರು. ಒಂದು ಬೆಳಿಗ್ಗೆ ಅಕ್ಕನಿಗೆ ಎದೆನೋವು ಎಂದು ಆ ಊರಿನವರು ಜೀಪಿನಲ್ಲಿ ಹಾಕಿಕೊಂಡು ಹೊರಟರು. ಖಾನಾಪುರ ಮುಟ್ಟುವಷ್ಟರಲ್ಲಿ…

ಈಗ ಗಣತಿ ಬಂದಿದೆ. ಮೊಬೈಲು ಹಿಡಿದ ಹುಡುಗಿ, ನಂಬರು ಬರೆದಾದ ಮೇಲೆ, "ಮನ್ಯಾಗ ಎಷ್ಟ ಮಂದಿ ಅದೀರ್ರಿ ಕಾಕಾ?" ಎಂದು ಕೇಳಿದಳು. ಹೇಳಿದೆ. ಅವಳು ಮೊಬೈಲಿನಲ್ಲಿ ಒತ್ತುವ ಮೊದಲೇ ನನ್ನ ಬಾಯಿಂದ ಬಂತು: "ಇನ್ನೊಬ್ಬಾಕಿ ಇದ್ಲವ್ವಾ. ನಮ್ಮ ಅಕ್ಕ."

"ಈಗ ಎಲ್ಲಿ ಅದಾರ್ರಿ?"

"ತೀರಿಕೊಂಡ್ಲು."

ಬಿಸಿಲಲ್ಲಿ ಓಣಿ ಸುತ್ತಿ ಆಕೆಗೂ ಸಾಕಾಗಿತ್ತು. "ಹಂಗಾರ ತಗೊಳಾಕ ಬರೂದಿಲ್ರಿ. ಈಗ ಇದ್ದವ್ರನ್ನ ಅಷ್ಟ ಹೇಳ್ರಿ. ಇನ್ನೂ ಭಾಳ ಮನಿ ಅದಾವ" ಎಂದಳು.

"ಗೊತ್ತೈತಿ. ನೀ ಬರಿಬ್ಯಾಡ" ಎಂದೆ. ದನಿ ನನಗೇ ದೊಡ್ಡದೆನಿಸಿತು. ಎದುರು ಕಟ್ಟೆಯವರು ಮಾತು ನಿಲ್ಲಿಸಿದರು. ಹೆಂಡತಿ ಒಳಗಿನಿಂದ ಬಂದು, ಏನಾಯಿತೋ ಎಂದು ಬಾಗಿಲು ಹಿಡಿದು ನಿಂತಳು. ಯಾರ ಮುಖವನ್ನೂ ನೋಡದೆ, ಓಣಿಗೆಲ್ಲ ಕೇಳುವಂತೆ ಹೇಳಿದೆ:

"ಅಕ್ಕಾ, ತಪ್ಪಾತು. ಇದು ನಿನ್ನ ಮನಿ ಇತ್ತು. ಮಂದಿಗೆ ಹೆದರಿ ನಾ ಹೇಳಲಿಲ್ಲ… ನನ್ನದ ತಪ್ಪು."