ಬೆಲ್ ಹೊಡೆದ ಮೇಲೂ ನಿಲ್ಲದ ಪ್ರಾರ್ಥನೆ

ಹಾವೇರಿ ಕೋರ್ಟಿನ ಆವರಣದಲ್ಲಿ ಆಗ ನಾವು ಆರು ಜನ ಟೈಪಿಸ್ಟರಿದ್ದೆವು. ತಗಡಿನ ಚಪ್ಪರ, ಒಂದೊಂದು ಮೇಜು, ಮೇಜಿನ ಮೇಲೆ ಮಷಿನ್ನು, ಎದುರಿಗೆ ಕಕ್ಷಿದಾರರು ಕೂರುವ ಬೆಂಚು. ಎರಡು ಸಾವಿರದ ದಶಕದ ಮೊದಲ ವರ್ಷಗಳು; ಕಂಪ್ಯೂಟರು ಬಂದು ನಮ್ಮನ್ನು ಎಬ್ಬಿಸುವುದಕ್ಕೆ ಇನ್ನೂ ಸ್ವಲ್ಪ ಕಾಲವಿತ್ತು. ಮೇಲೆ ಬರೆದದ್ದೆಲ್ಲ ಸತ್ಯವೆಂದು ಪ್ರಮಾಣ ಮಾಡುತ್ತೇನೆ ಎಂಬ ಸಾಲನ್ನು ದಿನವೂ ಹೊಡೆಯುತ್ತಿದ್ದೆ. ಅದರ ಮೇಲೆ ಇರುವುದರಲ್ಲಿ ಅರ್ಧ ಸುಳ್ಳು ಎಂದು ಗೊತ್ತಿದ್ದೇ ಹೊಡೆಯುತ್ತಿದ್ದೆ. ಹತ್ತು ವರ್ಷ ಈ ಕೆಲಸ ಮಾಡಿದವನಿಗೆ ಮನುಷ್ಯರ ಮಾತಿನ ಮೇಲೆ ನಂಬಿಕೆ ಉಳಿಯುವುದಿಲ್ಲ. ನನಗಂತೂ ಉಳಿದಿರಲಿಲ್ಲ, ಅದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ.

ಹೆಂಡತಿಯ ತವರು ಬ್ಯಾಡಗಿ. ಅವಳ ಅವ್ವ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಒಂದು ದಿನ ಅಲ್ಲಿಯೇ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಜೊತೆಗೆ ಕೆಲಸ ಮಾಡುತ್ತಿದ್ದ ಒಬ್ಬ ಕ್ರೈಸ್ತ ಹೆಂಗಸು ದಿನಾ ಸಂಜೆ ಬಂದು ಅವಳ ತಲೆ ಬಾಚಿ, ಗಂಜಿ ಕುಡಿಸಿ, ಮಂಚದ ಪಕ್ಕ ಮೊಣಕಾಲೂರಿ ಪ್ರಾರ್ಥನೆ ಮಾಡಿ ಹೋಗುತ್ತಿದ್ದಳು. ಮಗಳು ಅಳಿಯ ಎನಿಸಿಕೊಂಡ ನಾವು ವಾರಕ್ಕೊಮ್ಮೆ ಬಾಳೆಹಣ್ಣು ಹಿಡಿದು ಹೋಗಿಬರುವವರು. ಆ ಹೆಂಗಸನ್ನು ನೋಡಿ ನನ್ನ ಹೆಂಡತಿಗೆ ಕಣ್ಣಲ್ಲಿ ನೀರು ಬಂತು. ನನಗೆ ಬಂದದ್ದು ಸಂಶಯ. ಮೈಮೇಲೆ ಮೆಣಸಿನಕಾಯಿಯ ಘಾಟು ಇನ್ನೂ ಆರದ ಒಬ್ಬಳು ಪುಕ್ಕಟೆ ಇಷ್ಟೆಲ್ಲ ಯಾಕೆ ಮಾಡುತ್ತಾಳೆ?

ಮುಂದೆ ನನ್ನ ಹೆಂಡತಿ ಅವಳ ಜೊತೆ ಶುಕ್ರವಾರದ ಉಪವಾಸ ಪ್ರಾರ್ಥನೆಗೆ ರಾಣೇಬೆನ್ನೂರಿಗೆ ಹೋಗತೊಡಗಿದಳು. ಕದ್ದು ಹೋಗಲಿಲ್ಲ. "ಹೋಗಿ ಬರತೇನ್ರಿ, ಸಾರು ಒಲಿ ಮ್ಯಾಲ ಐತಿ" ಎಂದು ಹೇಳಿಯೇ ಹೋಗುತ್ತಿದ್ದಳು. ಕದ್ದು ಹೋಗಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ. ಇಷ್ಟು ಬಿಚ್ಚಿ ಹೇಳುವವರು ಏನನ್ನೋ ಮುಚ್ಚಿಡುತ್ತಿರುತ್ತಾರೆ ಎಂಬುದು ಕೋರ್ಟಿನಲ್ಲಿ ನಾನು ಕಲಿತಿದ್ದ ಪಾಠ.

ನನ್ನ ತಲೆಯಲ್ಲಿ ಹೊಕ್ಕಿದ್ದ ಭಯ ನನ್ನ ಕಸುಬಿನದೇ. ಹೆಸರು ಬದಲಿಸಿಕೊಳ್ಳುವವರ ಅಫಿಡವಿಟ್ ನಾವೇ ಹೊಡೆಯುವವರಲ್ಲವೇ? ಒಂದು ದಿನ ಇವಳೂ ಧರ್ಮ ಬದಲಿಸಿ, ಹೆಸರು ಬದಲಿಸಿ ಕಾಗದ ಮಾಡಿಸುತ್ತಾಳೆ ಎನಿಸಿತು. ಉಳಿದ ಐದೂ ಟೈಪಿಸ್ಟರ ಹತ್ತಿರ ಹೋಗಿ, "ನಮ್ಮ ಮನಿಯಾಕಿ ಹೆಸರಿಂದ ಏನರ ಕಾಗದ ಬಂದ್ರ ಮೊದ್ಲ ನನಗ ತಿಳಸ್ರಿ" ಎಂದು ಕಿವಿಯಲ್ಲಿ ಹೇಳಿ ಬಂದೆ. ಮಧ್ಯಾಹ್ನದ ಹೊತ್ತಿಗೆ ಚಹಾದವನೇ ನನ್ನನ್ನು ಕೇಳಿದ, "ಏನ್ರಿ, ಅಕ್ಕಾರ ಹೆಸರು ಬದಲಿ ಮಾಡ್ಸಾಕತ್ತಾರಂತ?" ಮಾನ ಉಳಿಸಿಕೊಳ್ಳಲು ಹೊರಟವನು ಮಾನ ಹರಾಜಿಗೆ ಹಾಕಿ ಬಂದಿದ್ದೆ. ಸಿಟ್ಟು ಮಾತ್ರ ಅವಳ ಮೇಲೆಯೇ ಬಂತು.

ಆ ಸಿಟ್ಟಿನಲ್ಲಿ ಮರುದಿನ ಅವಳಿಗೆ ತಿಳಿಸದೆ ಬ್ಯಾಡಗಿಗೆ ಹೋದೆ. ಅತ್ತೆ ಮಂಚದ ಮೇಲಿದ್ದಳು. ಮಗ್ಗಲು ಬದಲಿಸಲೂ ಯಾರಾದರೂ ಹಿಡಿಯಬೇಕಿತ್ತು. ನಾನು ಕೂರಲೂ ಇಲ್ಲ.

"ಅತ್ತಿ, ನಿಮ್ಮ ಮಗಳು ಈ ಪ್ರಾರ್ಥನಿಗೆ ಹೋಗೂದು ಬಿಡಲಿಲ್ಲಂದ್ರ ಆಕಿನ್ನ ಇಲ್ಲೇ ತಂದು ಬಿಟ್ಟು ಹೋಗತೇನಿ. ನಾ ಬಂದಿದ್ದೆ ಅಂತ ಆಕಿಗೆ ಹೇಳಬ್ಯಾಡ್ರಿ" ಎಂದೆ.

ಅವಳು ಮೇಲಿನ ಹಂಚು ನೋಡುತ್ತ ಮಲಗಿದ್ದಲ್ಲಿಂದಲೇ "ಆತ್ರಿ ಅಳ್ಯಾರ" ಎಂದಳು. ನಾನು ಗಂಡಸಿನ ಹಾಗೆ ಮಾತಾಡಿದೆ ಎಂದುಕೊಂಡು ಬಸ್ಸು ಹತ್ತಿದೆ.

ಅಲ್ಲಿಂದ ಮುಂದೆ ಹೆಂಡತಿ ಮೌನಿಯಾದಳು. ಬಡಿಸುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ನನ್ನ ಮುಖ ನೋಡುತ್ತಿರಲಿಲ್ಲ. ಶುಕ್ರವಾರ ಒಂದು ಗುಟುಕು ನೀರೂ ಕುಡಿಯದೆ ಹೋಗುವುದು ಹೆಚ್ಚಾಯಿತು. "ಏನು ಬೇಡ್ಕೊಳ್ಳಾಕತ್ತಿ ಅಷ್ಟು ಹಟ ಹಿಡದು?" ಎಂದು ಕೇಳಿದರೆ, "ಒಂದು ಕೆಲಸ ಆಗಬೇಕಾಗೇತ್ರಿ" ಎಂದಷ್ಟೇ ಹೇಳಿದಳು. ಆ ಒಂದು ಕೆಲಸ ಯಾವುದೆಂದು ಎರಡು ತಿಂಗಳು ತಲೆ ಕೆಡಿಸಿಕೊಂಡೆ. ಕೊನೆಗೆ ಒಂದು ಶುಕ್ರವಾರ ಮಷಿನ್ನಿಗೆ ಮುಸುಕು ಹಾಕಿ, ಅವಳು ಹೋದ ಮೇಲೆ ಮುಂದಿನ ಬಸ್ಸಿಗೆ ನಾನೂ ರಾಣೇಬೆನ್ನೂರಿಗೆ ಹೋದೆ.

ಬೀಜದ ಅಂಗಡಿಗಳ ಸಾಲಿನ ಹಿಂದೆ ಶೀಟು ಹೊದಿಸಿದ ಒಂದು ಪ್ರಾರ್ಥನೆಯ ಹಾಲ್. ಚಪ್ಪಲಿಯನ್ನು ನನ್ನ ಕಣ್ಣಿಗೆ ಬೀಳುವ ಕಡೆ ಬಿಟ್ಟು ಒಳಗೆ ಹೋದೆ. ಜಮಖಾನದ ಮೇಲೆ ಒಂದು ಕಡೆ ಗಂಡಸರು, ಇನ್ನೊಂದು ಕಡೆ ಹೆಂಗಸರು. ನಾನು ನಡುವಿನ ಕಂಬಕ್ಕೆ ಆತುಕೊಂಡು, ಹೆಂಡತಿಯ ಬೆನ್ನ ಹಿಂದೆಯೇ ಕುಳಿತೆ. ಪಾಸ್ಟರು ಮನಸ್ಸಿನ ಕುರುಡುತನದ ಬಗ್ಗೆ ಹೇಳುತ್ತಿದ್ದರು. ಕಣ್ಣಿದ್ದೂ ಕಾಣದವರಿದ್ದಾರೆ, ದೇವರೇ ತೆರೆಸದೆ ಅಂಥ ಕಣ್ಣು ತೆರೆಯುವುದಿಲ್ಲ ಎಂದರು. ಇವಳು ನನ್ನ ವಿಷಯ ಎಲ್ಲ ಒದರಿಬಿಟ್ಟಿದ್ದಾಳೆ, ಇದು ನನಗೇ ಹೊಡೆದ ಮಾತು ಎಂದು ನನಗೆ ಖಾತ್ರಿಯಾಯಿತು.

ಆಮೇಲೆ ಎಲ್ಲರೂ ಕಣ್ಣು ಮುಚ್ಚಿ ಒಟ್ಟಿಗೇ ಗಟ್ಟಿಯಾಗಿ ಪ್ರಾರ್ಥಿಸತೊಡಗಿದರು. ಅಲ್ಲಿನ ರೂಢಿ ಹಾಗೆ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದಷ್ಟು ಗದ್ದಲ, ಪಾಸ್ಟರು ಮೇಜಿನ ಬೆಲ್ ಹೊಡೆದರೆ ಎಲ್ಲರೂ ನಿಲ್ಲಿಸಬೇಕು. ಈ ಗದ್ದಲವೇ ಏನನ್ನೋ ಮುಚ್ಚುವ ಉಪಾಯ ಎನಿಸಿ ನಾನು ಮುಂದೆ ಬಾಗಿ ಹೆಂಡತಿಯ ಮಾತಿಗೆ ಕಿವಿಗೊಟ್ಟೆ. ತಂದೆ, ತಂದೆ ಎನ್ನುವುದು ಬಿಟ್ಟು ಮತ್ತೇನೂ ತಿಳಿಯಲಿಲ್ಲ.

ಬೆಲ್ ಹೊಡೆಯಿತು. ಹಾಲ್ ಗಪ್ಪಾಯಿತು. ಅವಳಿಗೆ ಮಾತ್ರ ಕೇಳಿಸಲಿಲ್ಲ.

"ಅವರು ಬಾಗಲದಾಗ ಬಂದು ನಿಂತ್ರ ನನ್ನ ಎದಿ ಕಲ್ಲಾಗತೈತಿ ತಂದೆ. ಅವರೊಳಗ ಒಂದೂ ಛಲೋದು ಕಾಣವಲ್ದು ನನಗ. ನಾ ಕುರುಡಿ ಆಗೇನಿ. ಇವತ್ತರ ನನ್ನ ಕಣ್ಣು ತೆರಿ, ಇಲ್ಲಂದ್ರ ಆ ಮನ್ಯಾಗ ನಾ ಬಾಳಲಾರೆ."

ಆಗ ಅವಳಿಗೆ ಸುತ್ತಲಿನ ಮೌನ ತಿಳಿಯಿತು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪಕ್ಕದ ಮುದುಕಿ ಅವಳ ಬೆನ್ನ ಮೇಲೆ ಕೈ ಇಟ್ಟಳು. ಯಾರೂ ತಿರುಗಿ ನೋಡಲಿಲ್ಲ, ಅವರು ಎಂದರೆ ಯಾರು ಎಂದು ಯಾರೂ ಕೇಳಲಿಲ್ಲ.

ನನಗೆ ನಾಚಿಕೆಯಾಯಿತು. ಅವಳ ಜಾಗದಲ್ಲಿ ನಾನಿದ್ದಿದ್ದರೆ ದೂರು ಹೇಳುತ್ತಿದ್ದೆ, ಒಂದರಿಂದ ಹತ್ತರವರೆಗೆ ನಂಬರು ಹಾಕಿ ಹೇಳುತ್ತಿದ್ದೆ. ಅವಳು ನನ್ನ ಒಂದು ತಪ್ಪನ್ನೂ ಎತ್ತಲಿಲ್ಲ. ಕುರುಡುತನವನ್ನು ತನ್ನ ಮೇಲೆ ಹಾಕಿಕೊಂಡು, ನನ್ನಲ್ಲಿ ಏನಾದರೂ ಒಳ್ಳೆಯದನ್ನು ತೋರಿಸು ಎಂದು ಹಸಿದುಕೊಂಡು ಬೇಡುತ್ತಿದ್ದಳು. ತೋರಿಸಲು ಏನಿದೆ ಎಂದು ನಾನೇ ಹುಡುಕಿದೆ. ಆ ಹೊತ್ತಿಗೆ ನನಗೂ ಏನೂ ಸಿಗಲಿಲ್ಲ.

ಹೊರಗೆ ನನ್ನನ್ನು ನೋಡಿ ಅವಳ ಮುಖ ಬಿಳಿಚಿತು. "ಯಾವಾಗ ಬಂದ್ರಿ?"

"ಬೆಲ್ ಹೊಡ್ಯೂಕಿಂತ ಮೊದ್ಲ."

ಹಾವೇರಿ ಬಸ್ಸಿನಲ್ಲಿ ಕುಳಿತ ಮೇಲೆ, ಬ್ಯಾಡಗಿಗೆ ಹೋಗಿ ಅವಳ ಅವ್ವನಿಗೆ ಏನು ಹೇಳಿದ್ದೆ ಎಂಬುದನ್ನು ಒಪ್ಪಿಕೊಂಡೆ.

"ಗೊತ್ತೈತ್ರಿ" ಎಂದಳು. "ಮಾರನೇ ವಾರ ಹೋದಾಗ ಅವ್ವ ಅಳಕೋತ ಹೇಳಿದ್ಲು."

"ಗೊತ್ತಿದ್ದೂ ಯಾಕ ಸುಮ್ಮನಿದ್ದಿ?"

"ನಾ ಬಾಯಿ ತಗದ್ರ ನಿಮಗ ಏನು ಅಂತಿದ್ನೋ ಏನೋ. ಅದಕ್ಕ ಮೊದ್ಲ ಅಲ್ಲಿ ಹೇಳ್ಕೊಂಡು ಬರ್ತಿದ್ದೆ."

ನಾನು ಎದುರಿನ ಸೀಟಿನ ಕಂಬಿ ಹಿಡಿದು ತಲೆ ತಗ್ಗಿಸಿದೆ. ಪ್ರಾರ್ಥನೆ ಹೇಗೆ ಶುರು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ. ಕೇಳುವ ದೇವರು ಇದ್ದಾನೆಯೇ ಎಂಬ ಸಂಶಯವೂ ಹೋಗಿರಲಿಲ್ಲ. ಆದರೂ ಅವಳು ಕೇಳಿದ್ದನ್ನೇ ಕೇಳಿದೆ: ನಾ ಕುರುಡ, ನನಗ ಕಾಣಂಗ ಮಾಡು. ಆ ಮಾತು ಬಾಯಿಂದ ಹೊರಟ ಮೇಲೆ ಅಳು ಬಂತು. ಮೊದಲು ಕಂಡದ್ದು ಹಂಚು ನೋಡುತ್ತ ಮಲಗಿದ್ದ ಅತ್ತೆಯ ಮುಖ. ಅದನ್ನು ನಾನು ಅಂದು ಎದುರಿಗೇ ನಿಂತೂ ನೋಡಿರಲಿಲ್ಲ.

ಹಾವೇರಿಯವರೆಗೆ ಹೋಗಲಿಲ್ಲ. ಮೋಟೆಬೆನ್ನೂರಿನಲ್ಲಿ ಇಳಿದು ಬ್ಯಾಡಗಿ ಬಸ್ಸು ಹಿಡಿದೆವು. ಕ್ಷಮೆ ಕೇಳುವ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಹೆಂಡತಿ ಮುಂದೆ, ನಾನು ಹಿಂದೆ, ಬಾಗಿಲಲ್ಲಿ ನಿಂತೆವು. ಅತ್ತೆ ನಮ್ಮಿಬ್ಬರನ್ನೂ ನೋಡಿ ಏಳಲು ಹೋದಳು, ಆಗಲಿಲ್ಲ.

"ಬಿಟ್ಟು ಹೋಗಾಕ ಬಂದ್ರೇನ್ರಿ ಅಳ್ಯಾರ?" ಎಂದಳು.