ಚಾಮರಾಜಪೇಟೆಯ ಶನಿವಾರದ ಲೈಬ್ರರಿ ಪೀರಿಯಡ್

ಬಾಯಿಪಾಠ ಅಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಎಪ್ಪತ್ತರ ದಶಕದ ಕೊನೆ. ಚಾಮರಾಜಪೇಟೆಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ಚರಿತ್ರೆ ಮೇಡಂ. ಹೆಡ್‌ಮಾಸ್ಟರನ್ನು ಕಾಡಿ ಬೇಡಿ, ಶನಿವಾರ ಒಂದು ಪೀರಿಯಡ್ ಹುಡುಗಿಯರನ್ನು ಪಕ್ಕದ ಲೈಬ್ರರಿಗೆ ಕರೆದೊಯ್ಯಲು ಒಪ್ಪಿಸಿದ್ದೆ. ಅಲ್ಲಿ ಹಳೇ ಪೇಪರುಗಳನ್ನು ಬೈಂಡ್ ಮಾಡಿಟ್ಟಿದ್ದರು.

"ಒಂದು ತಿಂಗಳು ನೋಡ್ತೀನಿ. ಪ್ರಯೋಜನ ಕಾಣದಿದ್ರೆ ನಿಲ್ಲಿಸ್ಬಿಡಿ," ಅಂದಿದ್ದರು ಅವರು.

ಮೊದಲ ವಾರ, ಎಷ್ಟೋ ವರ್ಷಗಳ ಹಿಂದೆ ಪೇಟೆಯ ಒಂದು ಬೀದಿಗೆ ಮೊದಲ ಸಲ ನಲ್ಲಿ ಬಂದ ದಿನದ ವರದಿ ಓದಿಸಿದೆ. ಸೋಮವಾರ ನೋಡಿದರೆ, ಅಯ್ಯೋ ಕರ್ಮವೇ, ಅಷ್ಟನ್ನೂ ಉರು ಹೊಡೆದುಕೊಂಡು ಬಂದಿದ್ದಾರೆ! ಪಕ್ಕದ ಕಾಲಮ್ಮಿನ ತಲೆನೋವಿನ ಮಾತ್ರೆಯ ಜಾಹೀರಾತನ್ನೂ ಬಿಟ್ಟಿರಲಿಲ್ಲ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮುಂದಿನ ಶನಿವಾರ ಅದೇ ದಿನದ ಇನ್ನೊಂದು ಪೇಪರು ತೆಗೆಸಿದೆ. ಮೊದಲನೆಯದರಲ್ಲಿ, ಜನ ನಲ್ಲಿಗೆ ಹಾರ ಹಾಕಿ ಸಂಭ್ರಮಪಟ್ಟರು ಎಂದಿತ್ತು. ಇದರಲ್ಲಿ, ನಲ್ಲಿಯೊಳಗೆ ಚರ್ಮದ ವಾಷರ್ ಇದೆ, ಮಡಿಗೆ ಆಗದು ಎಂದು ಹೆಂಗಸರು ನೀರೇ ಮುಟ್ಟಲಿಲ್ಲ ಎಂದಿತ್ತು. ಬಿನ್ನಿಪೇಟೆಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಉರು ಹೊಡೆಯುವುದರಲ್ಲಿ ಎಲ್ಲರಿಗಿಂತ ಮುಂದು. ಅವಳು ಕಂಗಾಲಾದಳು.

"ಮಿಸ್, ಇದರಲ್ಲಿ ಯಾವುದನ್ನ ಬಾಯಿಪಾಠ ಮಾಡ್ಲಿ?"

"ಯಾವುದೂ ಬೇಡ ಕಣೇ. ಇವರು ಯಾರನ್ನ ಕೇಳಿ ಬರೆದ್ರು, ಯಾರನ್ನ ಕೇಳ್ಲಿಲ್ಲ, ಅದನ್ನ ಹುಡುಕು."

ತಿಂಗಳು ಮುಗಿಯಿತು. ಹೆಡ್‌ಮಾಸ್ಟರು ಕ್ಲಾಸಿಗೇ ಬಂದು, ಪಠ್ಯಪುಸ್ತಕ ಬಿಚ್ಚಿ ಕೇಳಿದರು: "ನಲ್ಲಿ ನೀರು ಬಂದಾಗ ಜನ ಏನು ಮಾಡಿದ್ರು?" ಪುಸ್ತಕದಲ್ಲಿ ಉತ್ತರ ಒಂದೇ ಸಾಲು, ಸಂತೋಷದಿಂದ ಸ್ವಾಗತಿಸಿದರು ಅಂತ. ಆ ಬಿನ್ನಿಪೇಟೆ ಹುಡುಗಿಯೇ ಎದ್ದು ನಿಂತಳು. ಇನ್ನು ಒಪ್ಪಿಸಿಬಿಡ್ತಾಳೆ, ನನ್ನ ಶನಿವಾರ ಹೋಯ್ತು ಅಂದುಕೊಂಡೆ.

"ಯಾವ ಜನ ಸಾರ್?" ಅಂದಳು.

ಅವರು ಕನ್ನಡಕ ತೆಗೆದರು.

"ಒಂದು ಪೇಪರು ಹಾರ ಹಾಕಿದ್ರು ಅನ್ನತ್ತೆ, ಇನ್ನೊಂದು ಮುಟ್ಟಲಿಲ್ಲ ಅನ್ನತ್ತೆ. ಎರಡೂ ನಮ್ಮೋರನ್ನ ಕೇಳಿಲ್ಲ ಸಾರ್. ನಮ್ಮಜ್ಜಿ ಆಗ ಚಿಕ್ಕ ಹುಡುಗಿ, ಆ ಬೀದಿ ಹಿಂದೇನೇ ಮನೆ. ಬಾವಿ ಹತ್ರ ಸೇರಿಸ್ತಿರ್ಲಿಲ್ವಂತೆ. ಯಾರಾದ್ರೂ ಮನಸ್ಸು ಮಾಡಿ ಹುಯ್ಯೋವರೆಗೂ ಬಿಂದಿಗೆ ಹಿಡ್ಕೊಂಡು ದೂರ ನಿಂತಿರ್ಬೇಕಿತ್ತಂತೆ. ನಲ್ಲಿ ಬಂದ್ಮೇಲೆ ತನ್ನ ಕೈಯಾರೆ ತಿರುಗಿಸಿ ತುಂಬಿಸ್ಕೊಂಡ್ಲಂತೆ."

ನನ್ನ ಕಣ್ಣು ತುಂಬಿತ್ತು. ಹೆಡ್‌ಮಾಸ್ಟರು ಪುಸ್ತಕದ ಹಾಳೆ ಹಿಂದೆ ಮುಂದೆ ತಿರುವಿದರು.

"ಇದು ಇದರಲ್ಲಿ ಇಲ್ವಲ್ಲಮ್ಮ?"

"ಅದಕ್ಕೇ ಸಾರ್, ನಮಗೆ ಶನಿವಾರ ಬೇಕು."

ಅವರು ಪುಸ್ತಕ ಮುಚ್ಚಿ ನನ್ನ ಕಡೆ ತಿರುಗಿದರು. "ಎರಡು ಪೀರಿಯಡ್ ತಗೊಳ್ಳಿ ಮೇಡಂ."

ಹುಡುಗಿಯರು ಹೋ ಎಂದು ಡೆಸ್ಕು ಕುಟ್ಟಿದರು. ಗದರಿಸಬೇಕಾದ ನಾನೂ ಮೇಜು ಕುಟ್ಟಿದೆ.